ನೂರು ನೀರಿನ ತುಪ್ಪ

ತುಪ್ಪ ತಿನ್ನುವವರನ್ನು ನೀವು ನೋಡಿರುತ್ತೀರಿ, ಕದ್ದು ತಿನ್ನುವವರನ್ನೂ ನೋಡಿರಬಹುದು. ತುಪ್ಪಕ್ಕೆ ನೀರು ಹಾಕಿ ತೊಳೆಯುವವನನ್ನು ನೋಡಿಲ್ಲದಿದ್ದರೆ ದೀಪಾವಳಿ ಮುಗಿದ ಮೇಲೆ ಒಂದು ರವಿವಾರ ಮಧ್ಯಾಹ್ನ ಸವದತ್ತಿಗೆ ಬನ್ನಿ. ಬಸ್‌ಸ್ಟ್ಯಾಂಡಿನಿಂದ ಮುನವಳ್ಳಿ ಕಡೆಗೆ ಹೋಗುವ ರಸ್ತೆಗೆ ಹತ್ತಿಕೊಂಡೇ ನಮ್ಮ ಮನೆ. ಪಡಸಾಲೆಯಲ್ಲಿ ಹೈಸ್ಕೂಲಿನ ಕಾರಕೂನನೊಬ್ಬ, ನೆತ್ತಿ ಅರ್ಧ ಬಯಲಾದವನು, ಮುಂದೆ ಅಗಲ ತಟ್ಟೆಯಂಥ ತಾಮ್ರದ ಪರಾತ ಇಟ್ಟುಕೊಂಡು, ತಂಬಿಗೆಯ ತಳದಿಂದ ತುಪ್ಪ ತಿಕ್ಕುತ್ತ, ತುಟಿ ಅಲ್ಲಾಡಿಸುತ್ತ ಕುಳಿತಿರುತ್ತಾನೆ. ಜಪಕ್ಕೆ ಕುಳಿತಿದ್ದಾನೆ ಅಂತ ಕೈ ಮುಗಿಯಬೇಡಿ. ಅವನು ಎಣಿಸುತ್ತಿದ್ದಾನೆ. ಮಾತಾಡಿಸಲೂ ಬೇಡಿ, ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಶುರು ಮಾಡಬೇಕು.

ಅವನು ನಾನೇ.

ನನ್ನ ಪರಿಚಯ ಇದ್ದವರಿಗೆ ಗೊತ್ತು, ನಾನು ಹುಟ್ಟಾ ಕಾಳಜಿಯ ಮನುಷ್ಯ. ಮನೆಗೆ ಕೀಲಿ ಹಾಕಿ ಓಣಿಯ ತಿರುವಿನ ತನಕ ಬಂದು, ಮರಳಿ ಹೋಗಿ ಕೀಲಿ ಜಗ್ಗಿ ನೋಡಿ, ಮತ್ತೆ ತಿರುವಿಗೆ ಬಂದ ಮೇಲೆ ಜಗ್ಗಿದ್ದರಿಂದಲೇ ಸಡಿಲಾಯಿತೇನೋ ಅಂತ ಯೋಚಿಸುವವನು. ರಾಮದುರ್ಗದ ಬೋರ್ಡು ಹಾಕಿದ ಬಸ್ಸು ಹತ್ತಿ, ಇದು ರಾಮದುರ್ಗಕ್ಕೆ ಹೋಗುತ್ತದಲ್ಲ ಅಂತ ಕಂಡಕ್ಟರನನ್ನು ಮೂರು ಸಲ ಕೇಳುವವನು. ಆದರೆ ಪರಾತದ ಮುಂದೆ ಕುಳಿತೆನೆಂದರೆ ನಾನು ಬೇರೆಯೇ. ಚಳಿಗಾಲದ ಮುಖದ ಮುಲಾಮು ಮಾಡುವುದರಲ್ಲಿ ಇಡೀ ಸವದತ್ತಿಯಲ್ಲಿ ನನ್ನನ್ನು ಹಿಡಿಯುವವರಿಲ್ಲ. ಒಬ್ಬರಿದ್ದಾರೆ, ಅವರು ನನ್ನ ಹಿಂದೆಯೇ ಮಂಚದ ಮೇಲೆ ಕಂಬಳಿ ಹೊದ್ದು ಕುಳಿತಿರುತ್ತಾರೆ. ನಮ್ಮ ಅವ್ವ. ಆಕೆಯ ಕೈ ಈಗ ನಡುಗುತ್ತದೆ, ನಾಲಗೆ ನಡುಗುವುದಿಲ್ಲ.

"ತಿಕ್ಕು, ತಿಕ್ಕು. ತುಪ್ಪ ಅದು, ದನದ ಮೈ ಅಲ್ಲ. ಸಣ್ಣಗೆ ತಿಕ್ಕು."

ವಿಧಾನ ಹೇಳಿಬಿಡುತ್ತೇನೆ, ಗುಟ್ಟೇನಿಲ್ಲ. ಆಕಳ ತುಪ್ಪವನ್ನು ತಾಮ್ರದ ಪರಾತಕ್ಕೆ ಹಾಕಬೇಕು. ಒಂದು ಹಿಡಿ ತಣ್ಣೀರು ಚಿಮುಕಿಸಿ ತಂಬಿಗೆಯ ತಳದಿಂದ ಗುಂಡಗೆ ತಿಕ್ಕಬೇಕು. ನೀರು ಮಾಸಿದ ಮೇಲೆ ಚೆಲ್ಲಬೇಕು. ಅದು ಒಂದು ನೀರು. ಹೀಗೆ ನೂರು. ಮೂವತ್ತಕ್ಕೆ ತುಪ್ಪದ ಹಳದಿ ಮಾಸತೊಡಗುತ್ತದೆ, ಅರವತ್ತಕ್ಕೆ ಮೊಸರಿನ ಕೆನೆಯ ಹಾಗೆ ಆಗುತ್ತದೆ, ತೊಂಬತ್ತು ದಾಟಿದ ಮೇಲೆ ತುಪ್ಪ ತಾನು ತುಪ್ಪ ಅನ್ನುವುದನ್ನೇ ಮರೆಯುತ್ತದೆ. ವಾಸನೆ ಇಲ್ಲ, ಜಿಡ್ಡಿಲ್ಲ, ಹತ್ತಿಯಂಥ ಬಿಳುಪು. ಆಮೇಲೆ ಗಾಣದ ಕುಸುಬಿ ಎಣ್ಣೆಯಲ್ಲಿ ಜೇನುಮೇಣ ಕರಗಿಸಿ, ಆರಿಸಿ, ಈ ತುಪ್ಪಕ್ಕೆ ಕೂಡಿಸಬೇಕು. ಒಣ ಮುಖಕ್ಕೆ ಹಚ್ಚಿ, ಬೆರಳಿನಿಂದ ನಿಧಾನ ತಿಕ್ಕಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ದಿನದ ಧೂಳೆಲ್ಲ ಬಟ್ಟೆಗೆ, ತೆಳುವಾದ ಪದರೊಂದು ಮುಖಕ್ಕೆ. ಸಾಬೂನಿನ ಮಾತೇ ಇಲ್ಲ.

ಸಾಬೂನಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಓಣಿಯ ಬಾವಿಯ ನೀರು ಸವಳು. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಚಳಿಗಾಲದಲ್ಲಿ ಆ ನೀರಿಗೆ ಸಾಬೂನು ಕೂಡಿತೆಂದರೆ ಮುಖ ಬಿಸಿಲಿಗೆ ಬಿರಿದ ಎರೆಹೊಲ ಆಗುತ್ತದೆ. ಅದಕ್ಕೇ ನಾನು ಸಣ್ಣವನಿದ್ದಾಗ ದೀಪಾವಳಿಯ ಪಾಡ್ಯ ಮುಗಿದ ಮರುದಿನ ಅವ್ವ ಸಾಬೂನನ್ನು ಅಟ್ಟಕ್ಕೆ ಹಾಕಿಬಿಡುತ್ತಿದ್ದಳು. ಶಿವರಾತ್ರಿಯ ತನಕ ಅದು ಕೆಳಗೆ ಇಳಿಯುತ್ತಿರಲಿಲ್ಲ. ಮುಂಜಾನೆ ಶಾಲೆಗೆ ಹೊರಡುವ ಮೊದಲು ಮೊಣಕಾಲಿನ ನಡುವೆ ನನ್ನನ್ನು ಸಿಕ್ಕಿಸಿಕೊಂಡು, ಅಪ್ಪನ ಹಳೇ ಧೋತರದ ತುಂಡನ್ನು ಬಿಸಿನೀರಲ್ಲಿ ಹಿಂಡಿ ಮುಖ ಒರೆಸುವಳು. ಮೂಗಿನ ಮೇಲಿನಿಂದ ಕೆಳಕ್ಕೆ, ಕಿವಿಯ ಹಿಂದಿನಿಂದ ಮುಂದಕ್ಕೆ, ಪಾತ್ರೆ ಬೆಳಗಿದ ಹಾಗೆ. ನಾನು ಆಗಲೇ ಕಾಳಜಿ ಮಾಡುತ್ತಿದ್ದೆ: ಇಷ್ಟು ಒರೆಸಿದರೆ ಮೂಗು ಸವೆದು ಹೋದರೆ ಹೇಗೆ ಅಂತ. ಈಗ ಕನ್ನಡಿ ನೋಡಿದರೆ ಆ ಕಾಳಜಿ ವ್ಯರ್ಥವಾಗಿತ್ತು ಅನಿಸುತ್ತದೆ. ನನ್ನ ಮೂಗು ಇನ್ನೂ ಇಬ್ಬರಿಗೆ ಸಾಕಾಗುವಷ್ಟಿದೆ.

ಅವ್ವನ ಕೆಲಸದಲ್ಲಿ ಒಂದು ವಿಶೇಷವಿತ್ತು. ಮೇಣ ಎಷ್ಟು ಹಾಕಬೇಕು ಅನ್ನುವುದಕ್ಕೆ ಆಕೆಯ ಹತ್ತಿರ ಅಳತೆ ಇರಲಿಲ್ಲ, ಗಾಳಿ ಇತ್ತು. ಮೇಣ ಕರಗಿಸುವ ದಿನ ನಸುಕಿನಲ್ಲಿ ಅಂಗಳಕ್ಕೆ ಹೋಗಿ, ಬೆರಳು ಒದ್ದೆ ಮಾಡಿ ಕೆನ್ನೆಗೆ ಹಚ್ಚಿಕೊಂಡು, ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಹಸಿ ಎಷ್ಟು ಬೇಗ ಆರಿತು ಅನ್ನುವುದರ ಮೇಲೆ ಒಳಗೆ ಬಂದು ಮೇಣದ ಗಟ್ಟಿ ಮುರಿಯುವಳು. ಒಣಗಾಳಿ ಜೋರಿದ್ದ ವರ್ಷ ಮೇಣ ಹೆಚ್ಚು, ಇಲ್ಲದ ವರ್ಷ ಕಡಿಮೆ. ಎಣಿಕೆಗೆ ಎರಡು ಬಟ್ಟಲು, ನೂರು ಜೋಳದ ಕಾಳು. ಒಂದು ನೀರಿಗೆ ಒಂದು ಕಾಳು ಈ ಬಟ್ಟಲಿನಿಂದ ಆ ಬಟ್ಟಲಿಗೆ.

ಇದೆಲ್ಲ ಸುರಳೀತ ನಡೆದಿತ್ತು, ನನ್ನ ಹೆಂಡತಿ ಕಂಡಕ್ಟರ್ ಆಗುವ ತನಕ.

ಗಿರಿಜಾ ನಮ್ಮ ಮನೆಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ, ಪಿಯುಸಿ ಪಾಸಾಗಿ. ಏಳೆಂಟು ವರ್ಷ ರೊಟ್ಟಿ ಬಡಿದಳು. ಆಮೇಲೆ ಸರಕಾರಿ ಬಸ್ಸಿಗೆ ಹೆಣ್ಣುಮಕ್ಕಳನ್ನೂ ಕಂಡಕ್ಟರ್ ಅಂತ ತೆಗೆದುಕೊಳ್ಳುತ್ತಾರೆ ಅಂತ ಪೇಪರಿನಲ್ಲಿ ಬಂತು. ಅರ್ಜಿ ತುಂಬಿದಳು. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಆಯಿತು. ಯಾಕೆ ಇದೇ ಕೆಲಸ ಅಂತ ನಾನು ಕೇಳಿದ್ದಕ್ಕೆ, "ನೀವು ದಿನಾ ಒಂದ ಕುರ್ಚಿ ಮ್ಯಾಲೆ ಕುಂಡ್ರತೀರಿ. ನನಗ ದಿನಾ ನಾಕ ಊರ ನೋಡಬೇಕ್ರಿ" ಅಂದಳು. ಅವ್ವ ಒಂದೇ ಮಾತು ಅಂದಳು: "ಮನಿ ಸೊಸಿ ಬಸ್ಸಿನ ಬಾಗಲದಾಗ ನಿಂತ ಒದರೂದು ನನಗ ಸೇರೂದಿಲ್ಲ." ಅದಾದ ಮೇಲೆ ಆ ವಿಷಯ ಎತ್ತಲಿಲ್ಲ. ಎತ್ತದೇ ಇರುವುದನ್ನು ಅವ್ವನಷ್ಟು ಜೋರಾಗಿ ಮಾಡುವವರನ್ನು ನಾನು ಕಂಡಿಲ್ಲ.

ಗಿರಿಜಾಗೆ ಸಿಕ್ಕದ್ದು ಮುಂಜಾನೆ ಆರರ ಮೊದಲ ಬಸ್ಸು. ಸವದತ್ತಿಯಿಂದ ಮುನವಳ್ಳಿ, ಬೈಲಹೊಂಗಲ, ಕಿತ್ತೂರು. ತಿರುಗಿ ಬಂದ ಮೇಲೆ ರಾಮದುರ್ಗಕ್ಕೊಂದು ಸುತ್ತು. ಮಳೆಗಾಲ ಸಲೀಸಾಗಿ ಹೋಯಿತು. ದೀಪಾವಳಿ ದಾಟಿದ ಮೇಲೆ ಥಂಡಿ ಬಿತ್ತು. ನವಿಲುತೀರ್ಥದ ಹತ್ತಿರ ಬಸ್ಸು ಬಂದಿತೆಂದರೆ ಆಣೆಕಟ್ಟಿನ ನೀರಿನ ಮೇಲೆ ಹಾಯ್ದು ಬರುವ ಗಾಳಿ ನೇರ ಬಾಗಿಲಿಗೇ ನುಗ್ಗುತ್ತದೆ. ಬಾಗಿಲಲ್ಲಿ ನಿಲ್ಲುವವರು ಯಾರು? ಅದರ ಮೇಲೆ ಧೂಳು, ಡೀಜೆಲ್ ಹೊಗೆ, ಊರೂರಿನ ಸವಳು ನೀರು. ತಿಂಗಳೊಪ್ಪತ್ತಿನಲ್ಲಿ ಆಕೆಯ ಕೆನ್ನೆ ಸುಲಿಯತೊಡಗಿತು. ತುಟಿಯ ಎರಡೂ ತುದಿ ಒಡೆದವು.

ತುಟಿ ಒಡೆದರೆ ನನ್ನಂಥ ಕಾರಕೂನನಿಗೆ ಏನೂ ಆಗುವುದಿಲ್ಲ, ದಿನವಿಡೀ ಬಾಯಿ ಮುಚ್ಚಿಕೊಂಡೇ ಇರುವ ಕೆಲಸ. ಕಂಡಕ್ಟರಿಗೆ ಹಾಗಲ್ಲ. ಸೀಟಿ ಊದಬೇಕು. ಒಂದು ಸೀಟಿಗೆ ಬಸ್ಸು ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಮುಂಜಾನೆಯ ಮೊದಲ ಸೀಟಿಗೇ ಆಕೆಯ ತುಟಿ ಬಿರಿದು ರಕ್ತ ಬರುತ್ತಿತ್ತು. ಅದಕ್ಕೇ ಸೀಟಿ ಬಿಟ್ಟು ಬಸ್ಸಿನ ತಗಡು ಬಡಿಯಲು ಶುರು ಮಾಡಿದಳು. ಡ್ರೈವರ್ ಹನಮಂತಪ್ಪ ಒಳ್ಳೆಯ ಮನುಷ್ಯ, ಆದರೆ ಚಳಿಗಾಲದಲ್ಲಿ ಕಿವಿ ಮುಚ್ಚುವ ಮಂಕಿ ಟೋಪಿ ಹಾಕುತ್ತಿದ್ದ. ಸೀಟಿ ಟೋಪಿಯೊಳಗೆ ಹೋಗುತ್ತಿತ್ತು, ತಗಡಿನ ಸಪ್ಪಳ ನೆಟ್ಟಗೆ ಹೋಗುತ್ತಿರಲಿಲ್ಲ. ಒಂದು ದಿನ ನವಿಲುತೀರ್ಥದ ಕ್ರಾಸಿನಲ್ಲಿ ನಿಂತ ಬಸ್ಸನ್ನು ಇನ್ನೂ ನಿಲ್ಲಿಸಿರು ಅಂತ ಆಕೆ ಒಮ್ಮೆ ಬಡಿದದ್ದು ಅವನಿಗೆ ಹೊರಡು ಅಂತ ಎರಡು ಸಲ ಬಡಿದ ಹಾಗೆ ಕೇಳಿತು. ಒಬ್ಬ ಮುದುಕಿಯ ಒಂದು ಕಾಲು ಮೆಟ್ಟಿಲ ಮೇಲಿತ್ತು, ಇನ್ನೊಂದು ಗಾಳಿಯಲ್ಲಿ. ಗಿರಿಜಾ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಮುದುಕಿಗೆ ಏನೂ ಆಗಲಿಲ್ಲ. ಬೈಲಹೊಂಗಲದ ತನಕ ಗಿರಿಜಾ ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲವಂತೆ.

ಆ ಸಂಜೆ ಊಟಕ್ಕೆ ಕುಳಿತಾಗ ಖಾರ ತಾಗಿ ಆಕೆಯ ಕಣ್ಣಲ್ಲಿ ನೀರು ಬಂತು. ಅವ್ವ ನೋಡಿದಳು.

"ಸಂಕ್ರಾಂತಿತನಾ ನೋಡತೇನಿ. ಅಷ್ಟ್ರಾಗ ಮಾರಿ ನೆಟ್ಟಗ ಆಗಲಿಲ್ಲಂದ್ರ ಆ ಟಿಕೀಟ ಚೀಲ ಡಿಪೋದಾಗ ಕೊಟ್ಟ ಬಂದಬಿಡು."

ಗಿರಿಜಾ ಎದುರಾಡುತ್ತಾಳೆ ಅಂತ ನಾನು ಗೋಡೆಗೆ ಸರಿದು ಕುಳಿತೆ. ಆಕೆ ರೊಟ್ಟಿ ಮುರಿಯುತ್ತ, "ಆತ್ರಿ ಅತ್ತಿ" ಅಂದಳು.

ಆಮೇಲೆ ಒಳಗೆ ಕೇಳಿದೆ, ಯಾಕೆ ಹಾಗಂದೆ ಅಂತ. "ಸೀಟಿ ಊದಾಕ ಬರಲಾರದ ಕಂಡಕ್ಟರ್ ಯಾಕ ಬೇಕ್ರಿ? ಇವತ್ತ ಆ ಆಯಿ ಬಿದ್ದಿದ್ರ?" ಅಂದಳು. ಮಾತು ಅಷ್ಟೇ. ಎರಡು ಸಲ ಅರ್ಜಿ ತುಂಬಿದವಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ನನ್ನ ಅವಸ್ಥೆ ನೋಡಿ: ಆಕೆ ಕೆಲಸಕ್ಕೆ ಸೇರಿದಾಗ ಹೇಗಪ್ಪಾ ಅಂತ ಆರು ತಿಂಗಳು ಕಾಳಜಿ ಮಾಡಿದವನು, ಈಗ ಬಿಟ್ಟರೆ ಹೇಗಪ್ಪಾ ಅಂತ ಕಾಳಜಿ ಮಾಡತೊಡಗಿದೆ.

ಅವ್ವ ಮುಲಾಮು ಮಾಡಿದ್ದರೆ ಇದು ಇಲ್ಲಿಯ ತನಕ ಬರುತ್ತಲೇ ಇರಲಿಲ್ಲ, ನಿಜ. ಆದರೆ ಆ ವರ್ಷ ಪರಾತ ಗೋಡೆಯ ಮೊಳೆಯಿಂದ ಇಳಿದಿರಲಿಲ್ಲ. ಕೇಳಿದರೆ, "ಈ ಸಲ ರಟ್ಟಿ ನೋಯತಾವಪಾ" ಅನ್ನುವಳು. ಅದೇ ರಟ್ಟೆಯಿಂದ ದಿನಾ ಮೂವತ್ತು ರೊಟ್ಟಿ ಬಡಿಯುತ್ತಿದ್ದಳು, ಮೂರು ಮನೆ ಆಚೆ ಸಪ್ಪಳ ಕೇಳುತ್ತಿತ್ತು. ತುಪ್ಪದ ವಿಷಯಕ್ಕೆ ಮಾತ್ರ ನೋಯುವ ರಟ್ಟೆ ಅದು.

ಕೊನೆಗೆ ಒಂದು ರವಿವಾರ ಪರಾತ ನಾನೇ ಇಳಿಸಿದೆ. ಗಿರಿಜಾ ಡ್ಯೂಟಿಯ ಮೇಲಿದ್ದಳು.

"ಏನ ಮಾಡಾಕತ್ತಿ?" ಅಂತ ಅವ್ವ ಅಡುಗೆಮನೆಯ ಬಾಗಿಲಿಗೆ ಬಂದಳು.

"ಮುಲಾಮು."

"ಹೂಂ," ಅಂದು ಒಳಗೆ ಹೋದಳು. ಆ ಹೂಂ ಒಳಗೆ ಬಹಳ ಜಾಗ ಇತ್ತು.

ಎಣಿಕೆಗೆ ಕಾಳು ಬೇಕು. ಜೋಳ ಕೇಳಲು ಅಡುಗೆಮನೆಗೆ ಹೋಗಬೇಕು, ಹೋದರೆ ಇನ್ನೊಂದು ಹೂಂ ಕೇಳಬೇಕು. ಪಡಸಾಲೆಯ ಡಬ್ಬಿಯಲ್ಲಿ ಹುರಿದ ಶೇಂಗಾ ಇತ್ತು. ನೂರು ಬೀಜ ಎಣಿಸಿ ಬಟ್ಟಲಿಗೆ ಹಾಕಿಕೊಂಡೆ, ಪಕ್ಕಕ್ಕೊಂದು ಖಾಲಿ ಬಟ್ಟಲು. ತಿಕ್ಕಿದೆ. ನೀರು ಚೆಲ್ಲಿದೆ. ಒಂದು ಬೀಜ ಆ ಕಡೆ. ಮತ್ತೆ ತಿಕ್ಕಿದೆ.

ಈಗ ನಿಮಗೆ ಹೇಳಲು ನಾಚಿಕೆಯಿಲ್ಲ, ಬಹಳ ವರ್ಷ ಆಯಿತು. ಕಾಳಜಿ ಮಾಡುವವನ ಕೈ ಸುಮ್ಮನೆ ಇರುವುದಿಲ್ಲ, ಬಾಯಿಯೂ ಇರುವುದಿಲ್ಲ. ಈಗ ಆಕೆ ನವಿಲುತೀರ್ಥದ ಹತ್ತಿರ ಇರಬೇಕು ಅಂದುಕೊಂಡೆ, ಒಂದು ಶೇಂಗಾ ಬಾಯಿಗೆ ಹೋಯಿತು. ಹನಮಂತಪ್ಪ ಟೋಪಿ ತೆಗೆದಿರಬಹುದೇ ಅಂದುಕೊಂಡೆ, ಎರಡು ಹೋದವು. ಸಂಕ್ರಾಂತಿಗೆ ಇನ್ನು ಎಷ್ಟು ದಿನ ಅಂತ ಲೆಕ್ಕ ಹಾಕಿದಾಗ ನಾಲ್ಕೈದು ಹೋಗಿರಬೇಕು. ಎಲ್ಲವೂ ತುಂಬಿದ ಬಟ್ಟಲಿನಿಂದಲೇ. ಅವ್ವ ಇಡೀ ಮಧ್ಯಾಹ್ನ ಮಾಡುವ ಕೆಲಸ ನನಗೆ ಒಂದೂವರೆ ತಾಸಿನಲ್ಲಿ ಮುಗಿಯಿತು. ಬಟ್ಟಲು ಖಾಲಿ. ನನ್ನ ಕೈಯ ಚುರುಕಿಗೆ ನಾನೇ ತಲೆದೂಗಿದೆ. ತುಪ್ಪ ಇನ್ನೂ ಸ್ವಲ್ಪ ಹಳದಿ ಇದೆಯಲ್ಲ ಅನಿಸಿತು, ಬೆಳಕಿನ ದೋಷ ಇರಬೇಕು ಅಂದುಕೊಂಡೆ. ಕೀಲಿಯನ್ನು ಮೂರು ಸಲ ಜಗ್ಗಿ ನೋಡುವವನು ಆ ಕಡೆಯ ಬಟ್ಟಲಲ್ಲಿ ಬೀಜ ಎಷ್ಟಿವೆ ಅಂತ ಒಂದು ಸಲವೂ ನೋಡಲಿಲ್ಲ.

ಸೋಮವಾರ ನಸುಕಿನಲ್ಲಿ ಗಿರಿಜಾ ಆ ಮುಲಾಮು ಹಚ್ಚಿಕೊಂಡು, ಬಟ್ಟೆಯಿಂದ ಒರೆಸಿಕೊಂಡು, ತುಟಿಗೆ ದಪ್ಪಗೆ ಮೆತ್ತಿಕೊಂಡು ಹೋದಳು. ಮುಂದಿನದು ಆಕೆಯ ಬಾಯಿಯಿಂದಲೇ ಕೇಳಿದ್ದು.

ಥಂಡಿಗೆ ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿದ್ದವು, ಜನ ಕಿಕ್ಕಿರಿದಿದ್ದರು. ಬಸ್ಸು ಬೆಚ್ಚಗಾದ ಹಾಗೆ ಸಣ್ಣಗೆ ತುಪ್ಪದ ವಾಸನೆ ಏಳತೊಡಗಿತು. ಮುನವಳ್ಳಿ ದಾಟಿದ ಮೇಲೆ ಒಬ್ಬರು ಎದ್ದು ನಿಂತು, "ಯಾರ್ದೋ ತುಪ್ಪದ ಡಬ್ಬಿ ಸೋರಾಕತ್ತೈತಿ, ನೋಡಿಕೊಳ್ರೆಪಾ" ಅಂದರು. ಎಲ್ಲರೂ ತಮ್ಮ ತಮ್ಮ ಚೀಲ ಮುಟ್ಟಿ ನೋಡಿಕೊಂಡರು. ತೊಡೆಯ ಮೇಲೆ ಗಂಟು ಇಟ್ಟುಕೊಂಡಿದ್ದ ಒಬ್ಬ ಹೆಣ್ಣುಮಗಳ ಮೇಲೆ ಸಂಶಯ ಬಂತು. "ನನ್ನ ಗಂಟಿನ್ಯಾಗ ಬರೇ ಮೆಂತೆ ಪಲ್ಲೆ ಐತ್ರಿ, ಬೇಕಾರ ಮೂಸಿ ನೋಡ್ರಿ" ಅಂತ ಆಕೆ ಗಂಟು ಬಿಚ್ಚಿಯೇ ತೋರಿಸಿದಳು. ಹತ್ತಿ ವ್ಯಾಪಾರದವರೊಬ್ಬರು ಕಣ್ಣು ಮುಚ್ಚಿ ಮೂಗು ಏರಿಸಿ, "ಆಕಳದ್ದು. ಹದಕ್ಕ ಕಾಸ್ಯಾರ" ಅಂತ ತೀರ್ಪು ಕೊಟ್ಟರು. ಕಂಡಕ್ಟರ್ ಅಂದ ಮೇಲೆ ಸುಮ್ಮನೆ ನಿಲ್ಲಲಾದೀತೇ? ಗಿರಿಜಾ ಬಗ್ಗಿ ಬಗ್ಗಿ ಸೀಟುಗಳ ಕೆಳಗೆ ಹುಡುಕಿದಳು. ಆಕೆ ಮುಂದೆ ಹೋದರೆ ವಾಸನೆ ಮುಂದೆ, ಹಿಂದೆ ಬಂದರೆ ಹಿಂದೆ. ಬೈಲಹೊಂಗಲ ಹತ್ತಿರ ಬಂದಾಗ ಅದೇ ವ್ಯಾಪಾರಿ ಬಹಳ ಸಂಕೋಚದಿಂದ ಅಂದರಂತೆ:

"ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ನೀವು ಹ್ವಾದಲ್ಲೆ ವಾಸನಿ ಬರಾಕತ್ತೈತಿ."

ಬಸ್ಸು ನಕ್ಕಿತು. ಹನಮಂತಪ್ಪ ಕನ್ನಡಿಯಲ್ಲಿ ನೋಡುತ್ತ, "ತಂಗೀ, ನನಗ ಮುನವಳ್ಳಿಯಿಂದ ಹೋಳಿಗಿ ತಿನ್ನಬೇಕ ಅನಸಾಕತ್ತಿತ್ತು, ಇದಕ್ಕನ ಏನು" ಅಂದ.

ಸಂಜೆ ಇದನ್ನು ಹೇಳುತ್ತ ಗಿರಿಜಾ ನಕ್ಕಳು, ನಕ್ಕದ್ದಕ್ಕೆ ತುಟಿ ಮತ್ತೆ ಒಡೆಯಿತು, ಅಂಗೈಯಿಂದ ಒತ್ತಿ ಹಿಡಿದು ಮತ್ತೂ ನಕ್ಕಳು. ಅವ್ವ ನಗಲಿಲ್ಲ.

"ಮುಲಾಮು ಯಾರ ಮಾಡಿದ್ದು ಅಂತ ಕೇಳಿದ್ರೇನು?"

"ಕೇಳಿದ್ರಿ."

"ಏನಂದಿ?"

"ನಮ್ಮ ಅತ್ತಿ ಮಾಡಿದ್ದು ಅಂದ್ನಿರಿ."

"ನಾ ಎಲ್ಲೆ ಮಾಡೇನಿ?"

"ನಿಮ್ಮ ಮಗ ಮಾಡಿದ್ದು ಅಂದ್ರ ಯಾರ ನಂಬತಾರ್ರಿ ಅತ್ತಿ?"

ಅವ್ವ ಎದ್ದು ನಿಂತಳು. ಬೈಲಹೊಂಗಲ ಆಕೆಯ ತವರು. ಅಲ್ಲಿ ತವರುಮನೆಯ ಓಣಿಯಲ್ಲಿ ಆಕೆಯ ಮುಲಾಮಿನ ಡಬ್ಬಿ ಇಲ್ಲದ ಮನೆ ಇರಲಿಲ್ಲ. ಆ ಊರಿಗೆ ಹೋಗುವ ಬಸ್ಸಿನಲ್ಲಿ, ಬಸ್ಸು ತುಂಬ ಜನರ ಮುಂದೆ, ಆಕೆಯ ಹೆಸರಿಗೆ ತುಪ್ಪದ ವಾಸನೆ ಹತ್ತಿತ್ತು. ನೇರ ಗೋಡೆಯ ಗೂಡಿನ ಹತ್ತಿರ ಹೋಗಿ ನನ್ನ ಎರಡು ಬಟ್ಟಲು ತೆಗೆದು, ಶೇಂಗಾ ಎಣಿಸಿದಳು.

"ನಲವತ್ಮೂರು. ಉಳಿದಾವು ಎಲ್ಲೆದಾವು?"

ಅವ್ವ ನನ್ನ ಬನಿಯನ್ನಿನ ಮೇಲೆ ಕಣ್ಣಿಟ್ಟಳು. ರವಿವಾರದ ಬನಿಯನ್ನು, ಬದಲಿಸಿರಲಿಲ್ಲ. ಶೇಂಗಾದ ಕೆಂಪು ಸಿಪ್ಪೆಯ ಚೂರುಗಳು ಇನ್ನೂ ಹೊಟ್ಟೆಯ ಏರಿನ ಮೇಲೆ ಆರಾಮಾಗಿ ಕುಳಿತಿದ್ದವು.

"ನಾಳೆ ನಾನೂ ಬಸ್ಸಿಗೆ ಬರಾಕಿ," ಅಂದಳು ಅವ್ವ.

"ಯಾಕ ಬೇ?"

"ಆ ಬಾಗಲದಾಗ ಗಾಳಿ ಎಷ್ಟ ಐತಿ ನೋಡದ ಮೇಣ ಎಷ್ಟ ಹಾಕ್ಲಿ? ನಮ್ಮ ಅಂಗಳದಾಗ ನಿಂತರ ಗೊತ್ತಾಗೂದು ನಮ್ಮ ಅಂಗಳದ ಗಾಳಿ."

ರಟ್ಟೆ ನೋವಿನ ಮಾತು ಯಾರೂ ಎತ್ತಲಿಲ್ಲ.

ಥಂಡಿಯಲ್ಲಿ ಆಕೆಗೆ ಏನಾದರೂ ಆದರೆ ಅಂತ ರಜೆ ಹಾಕಿ ನಾನೂ ಹೋದೆ. ಹತ್ತುವಾಗ ರೂಢಿಯಂತೆ, "ಇದು ಕಿತ್ತೂರಿಗೆ ಹೋಗತೈತಲ್ಲ?" ಅಂತ ಕಂಡಕ್ಟರನ್ನು ಕೇಳಿದೆ. ಗಿರಿಜಾ, "ಮೊದಲ ಹತ್ರಿ ನೀವು" ಅಂದಳು. ಅವ್ವ ಬಾಗಿಲಿಗೆ ಹತ್ತಿದ ಸೀಟನ್ನೇ ಹಿಡಿದಳು. ನವಿಲುತೀರ್ಥ ಬಂದಾಗ ಕಿವಿಯ ಮೇಲಿನ ಸೆರಗು ಸರಿಸಿ, ಬೆರಳು ಒದ್ದೆ ಮಾಡಿ ಕೆನ್ನೆಗೆ ಹಚ್ಚಿ, ಬಾಗಿಲಿನ ಕಡೆಗೆ ಮುಖ ಕೊಟ್ಟಳು. ನೀರಿನ ಮೇಲಿನ ಗಾಳಿ ಬಂದು ಹೊಡೆಯಿತು. ಆಕೆಯ ಕಣ್ಣು ತಾವಾಗಿಯೇ ಮುಚ್ಚಿದವು. ತೆರೆದಾಗ ಮುಂದೆ ಗಿರಿಜಾ ಇದ್ದಳು, ಅದೇ ಗಾಳಿಗೆ ಬೆನ್ನು ಕೊಡಲಾಗದೆ, ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದರಿಂದ ಒಬ್ಬ ಬಾಣಂತಿಯನ್ನು ಕೂಸಿನ ಸಮೇತ ಒಳಗೆ ತೆಗೆದುಕೊಳ್ಳುತ್ತ. "ಏ, ಸರದ ಕುಂಡ್ರರಿ, ಕೂಸ ಐತಿ." ಜನ ಸರಿದರು. ಕಾಲೇಜಿನ ಹುಡುಗರು ಮೆಟ್ಟಿಲು ಬಿಟ್ಟು ಒಳಗೆ ಬಂದರು. ಕೆಮ್ಮುವ ಅಜ್ಜನೊಬ್ಬನಿಗೆ ಕಿಟಕಿಯ ಗಾಜು ಎಳೆದುಕೊಟ್ಟಳು. ಮನೆಯಲ್ಲಿ ಉಪ್ಪು ಕೇಳಲೂ ಹಿಂದೆ ಮುಂದೆ ನೋಡುವ ಗಿರಿಜಾ ಇವಳೇನಾ ಅಂತ ನನಗೂ ಅನಿಸಿತು. ಅವ್ವ ನೋಡುತ್ತಿದ್ದಳು.

ಬೈಲಹೊಂಗಲ ಹತ್ತಿರ ಒಂದು ಹಳ್ಳಿಯಲ್ಲಿ ಗಿರಿಜಾ ತಗಡು ಬಡಿದರೂ ಬಸ್ಸು ನಿಲ್ಲಲಿಲ್ಲ, ನಾಲ್ಕು ಮಾರು ಮುಂದೆ ಹೋಗಿ ನಿಂತಿತು. ಇಳಿಯಬೇಕಾದವನೊಬ್ಬ ಗೊಣಗಿದ: "ಸೀಟಿ ಹೊಡಿಯಾಕ ಬರಲಾರದವರ್ನ ಯಾಕ ತಗೊಂತಾರೋ ಏನೋ."

ಗಿರಿಜಾ ಬೇರೆ ಕಡೆ ನೋಡಿದಳು. ಆ ಸಣ್ಣ ದನಿಯ ಗಿರಿಜಾ ಮತ್ತೆ ಆಕೆಯ ಮುಖದ ಮೇಲೆ ಬಂದದ್ದು ನನಗೆ ಕಾಣಿಸಿತು. ಸೀಟಿನಿಂದ ಅವ್ವನ ದನಿ ಕೇಳಿತು, ಸಾವಕಾಶ:

"ಬರತೈತ್ರಿ ಆಕಿಗೆ. ಸಂಕ್ರಾಂತಿ ಆಗ್ಲಿ, ಕೇಳಿರಂತ."

ಸಂಕ್ರಾಂತಿ ಅಂದಳೋ, ನನ್ನ ಕಿವಿಗೂ ಹನಮಂತಪ್ಪನ ಟೋಪಿ ಬಂದಿತೋ ಅಂತ ಗಿರಿಜಾಳ ಮುಖ ನೋಡಿದೆ. ಆಕೆಯೂ ಕೇಳಿಸಿಕೊಂಡಿದ್ದಳು.

ಕಿತ್ತೂರಿನಲ್ಲಿ ಇಳಿದು ಚಹಾ ಕುಡಿದು, ಅವ್ವ ಒಂದು ಕಿರಾಣಿ ಅಂಗಡಿಗೆ ನಡೆದಳು. ಪಡುವಣ ಕಾಡಿನ ಕಡೆಯಿಂದ ಬರುವ ಜೇನುಮೇಣ ಅಲ್ಲಿ ಚಲೋ ಸಿಗುತ್ತದೆ. ಗಟ್ಟಿಯನ್ನು ಉಗುರಿನಿಂದ ಗೀರಿ, ಮೂಸಿ, ಪ್ರತಿ ವರ್ಷ ತೆಗೆದುಕೊಳ್ಳುವುದಕ್ಕಿಂತ ದೊಡ್ಡದನ್ನೇ ತೆಗೆದುಕೊಂಡಳು. ಬರುವಾಗ ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: "ಕಿಡಕಿ ಗಾಳಿ ಬ್ಯಾರೆ, ಬಾಗಲ ಗಾಳಿ ಬ್ಯಾರೆ."

ಮರುದಿನ ಪರಾತ ಇಳಿಯಿತು. ಅವ್ವ ತಿಕ್ಕಿದಳು. ನನಗೆ ಬಟ್ಟಲುಗಳ ಕೆಲಸ. "ಜೋಳ ಹಸೀವು ಅದಾವ, ತಿನ್ನಾಕ ಬರೂದಿಲ್ಲ" ಅಂತ ಕಾಳು ಎಣಿಸಿ ಕೊಟ್ಟಳು. ನೀರು ಚೆಲ್ಲಿದಾಗೊಮ್ಮೆ ಒಂದು ಕಾಳು ಆಚೆ ಹಾಕುತ್ತ, ಇಷ್ಟು ಜವಾಬ್ದಾರಿ ನನಗೆ ನೀಗೀತೇ ಅಂತ ಕಾಳಜಿ ಮಾಡುತ್ತ ಕುಳಿತೆ. ಡ್ಯೂಟಿ ಮುಗಿಸಿ ಬಂದ ಗಿರಿಜಾ ಚೀಲ ಇಳಿಸಿ, ಕೈ ತೊಳೆದು, ಅವ್ವನ ಕೈಯಿಂದ ತಂಬಿಗೆ ತೆಗೆದುಕೊಂಡಳು. ಕೊನೆಯ ಮೂವತ್ತು ನೀರು ಆಕೆಯವು. ನೂರನೇ ಕಾಳು ಆಚೆ ಬಿದ್ದಾಗ ಪರಾತದಲ್ಲಿ ಇದ್ದದ್ದು ಬರೀ ಬಿಳುಪು. ಅವ್ವ ಮೂಗಿನ ಹತ್ತಿರ ಹಿಡಿದು ನೋಡಿ, ನನ್ನ ಮೂಗಿಗೂ ಹಿಡಿದಳು. ಇಬ್ಬರಿಗೆ ಸಾಕಾಗುವ ಈ ಮೂಗಿಗೂ ಏನೂ ಹತ್ತಲಿಲ್ಲ. ಮೇಣ ಕೂಡಿಸಿದ ಮೇಲೆ ದೊಡ್ಡ ಡಬ್ಬಿಯೊಂದು ಬಚ್ಚಲಿನ ಗೂಡಿಗೆ ಹೋಯಿತು. ತುಟಿಗೆ ಬೇಕಾದಷ್ಟನ್ನು ಅವ್ವ ತನ್ನ ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ಹುಣಸೆಹಣ್ಣು ಹಚ್ಚಿ ತೊಳೆದು ಅದರಲ್ಲಿ ತುಂಬಿದಳು. ಇಪ್ಪತ್ತು ವರ್ಷ ಆಕೆಯ ಸೊಂಟದ ಚೀಲದಲ್ಲಿ ಇದ್ದ ಡಬ್ಬಿ ಕಂಡಕ್ಟರಿನ ಚೀಲಕ್ಕೆ ಹೋಯಿತು.

ಮುಂದೆ ದಿನಾ ಸಂಜೆ ಗಿರಿಜಾ ಬಚ್ಚಲ ಕಟ್ಟೆಯ ಮೇಲೆ ಕುಳಿತು ಮುಲಾಮು ತಿಕ್ಕಿ ಬಿಸಿ ಬಟ್ಟೆಯಿಂದ ಒರೆಸಿಕೊಳ್ಳುವಳು. ಅವ್ವ ಆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಳು. ಒಂದು ಕಡೆ ನಮ್ಮ ಎರೆಮಣ್ಣಿನ ಕರಿ, ಒಂದು ಕಡೆ ಕಿತ್ತೂರ ಕಡೆಯ ಕೆಂಪು. "ಇವತ್ತ ಕಿತ್ತೂರ ಕಡೆ ಗಾಳಿ ಜಾಸ್ತಿ ಇತ್ತನು?" ಅಂತ ಕೇಳುವಳು. ಅತ್ತೆ ಸೊಸೆಯ ನಡುವೆ ಬಸ್ಸಿನ ಮಾತು ಶುರುವಾದದ್ದು ಹಾಗೆ, ಒರೆಸಿದ ಬಟ್ಟೆಯಿಂದ. ಎಂಟು ಹತ್ತು ದಿನಕ್ಕೆ ಕೆನ್ನೆ ತಿಳಿಯಾಯಿತು. ತುಟಿ ಮಾತ್ರ ಹಟ ಹಿಡಿದಿತ್ತು. ಗಿರಿಜಾ ಸೀಟಿಯನ್ನು ಚೀಲದಲ್ಲೇ ಇಟ್ಟುಕೊಂಡಿದ್ದಳು, ಪ್ರಯತ್ನ ಮಾಡಿದೆಯಾ ಅಂತ ನಾನು ಕೇಳಿದರೆ, "ಇನ್ನ ಎಲ್ಡ ದಿನ ತಡೀರಿ" ಅನ್ನುವಳು.

ಹಾಗೆ ಸಂಕ್ರಾಂತಿ ಬಂತು. ಬಸ್ಸಿಗೆ ಹಬ್ಬದ ಸೂಟಿ ಇರುವುದಿಲ್ಲ. ಗಿರಿಜಾ ನಸುಕಿನಲ್ಲೇ ಎದ್ದು, ಖಾಕಿ ಅಂಗಿ ತೊಟ್ಟು, ಅತ್ತೆಯ ಕಾಲು ಮುಟ್ಟಿ, ಹೊರಟಳು. ಚೀಲದ ಮಾತು ಯಾರೂ ಆಡಲಿಲ್ಲ. ಅವ್ವ ಒಲೆಯ ಮುಂದೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕಂಬಕ್ಕೆ ಒರಗಿ ಕುಳಿತೆ. ಗಡುವು ಅವ್ವನಿಗೆ ಮರೆತುಹೋಯಿತೇ? ನೆನಪಿದ್ದೂ ಸಂಜೆಗೆ ಇಟ್ಟುಕೊಂಡಿದ್ದಾಳೆಯೇ? ನಾನೇ ನೆನಪಿಸಿ ಮುಗಿಸಿಬಿಡಲೇ? ನೆನಪಿಸಿದರೆ ಕೆಟ್ಟೀತೇ? ಡಬ್ಬಿಯ ಕಡೆ ಕೈ ಹೋಯಿತು, ಅದರಲ್ಲಿ ಹಬ್ಬದ ಎಳ್ಳು ಬೆಲ್ಲ ಇತ್ತು. ಕೈ ಹಿಂದಕ್ಕೆ ತೆಗೆದೆ.

ಆರು ದಾಟಿತು. ರಸ್ತೆಯ ಮೇಲೆ ಬಸ್ಸಿನ ಸಪ್ಪಳ ಬಂತು. ನಮ್ಮ ಮನೆಯ ಮುಂದಿನ ತಿರುವಿನಲ್ಲಿ ಯಾರೋ ಕೈ ಮಾಡಿರಬೇಕು.

ಒಂದು ಸೀಟಿ ಕೇಳಿತು. ಉದ್ದ, ಚೂಪು, ಎಲ್ಲೂ ಒಡೆಯದೆ. ಬಸ್ಸು ಅಲ್ಲೇ ನಿಂತಿತು.

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು.

ಎರಡು ಸೀಟಿ ಕೇಳಿದವು. ಬಸ್ಸು ಹೊರಟಿತು, ಮುನವಳ್ಳಿ ಕಡೆಗೆ ದೂರವಾಯಿತು.

ಅವ್ವ ರೊಟ್ಟಿಯನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಬಡಿಯತೊಡಗಿದಳು. ಬಡಿಯುತ್ತಲೇ, ನನ್ನ ಕಡೆ ನೋಡದೆ ಅಂದಳು:

"ಬರೂ ವರ್ಷ ಮೇಣ ಇನ್ನೊಂದ ಚೂರ ಹೆಚ್ಚಿಗಿ ಹಾಕಬೇಕು."